ಸ್ತ್ರೀಯರ ಕಾಲ್ಚೆಂಡಾಟದ ಅಂತರರಾಷ್ಟ್ರೀಯ ಸ್ಪರ್ಧೆಗಳು: ಆಟವೂ ಅಂಗೀಕಾರವೂ

೧

ಸ್ತ್ರೀಯರ ಕಾಲ್ಚೆಂಡಾಟದ ವಾರ್ತೆಗಳು ಈಚೆಗೆ ಪತ್ರಿಕೆಗಳಲ್ಲಿ ಆಗಾಗ್ಗೆ ಕಂಡುಬರುತ್ತಿವೆ. ವಿಶ್ವಕಪ್, ಏಷ್ಯಾ ಕಪ್, ಸ್ಯಾಫ್ ಚಾಂಪಿಯನ್‌ಷಿಪ್, ಅರ್ಹತಾ ಸುತ್ತು ಮೊದಲಾದ ಮಾತುಗಳು ವಿದ್ಯಾರ್ಥಿನಿಯರಿಗೂ ಪರಿಚಿತವಾಗುತ್ತಿವೆ. ಇವುಗಳ ಅರ್ಥವೇನು, ಇವುಗಳಲ್ಲಿ ಪೂರ್ವಾಪರಗಳಾವುವು, ನಮ್ಮ ದೇಶಕ್ಕೂ ನಮ್ಮ ನಾಡಿಗೂ ಇವುಗಳಲ್ಲಿ ಪಾಲುಂಟೆ ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಉಪಾಧ್ಯಾಯರು. ಅವರ ಉಪಯೋಗಾರ್ಥವಾಗಿ ಈ ವಿಷಯವನ್ನು ಸಂಗ್ರಹವಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಸಾಹಿತ್ಯ ಸಂಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ಚೆಂಡಾಟದ ಪ್ರಸಂಗವೇಕೆ ಎಂಬ ಶಂಕೆ ಕೆಲವರಿಗೆ ಉಂಟಾಗಬಹುದು. ಅದಕ್ಕೆ ಸಮಾಧಾನವಿಷ್ಟು: ಈ ಆಟದ ಚರಿತ್ರೆಯಲ್ಲಿ ಏಳುವ ಮುಖ್ಯ ಪ್ರಶ್ನೆಯು ಚೆಂಡಿಗೆ ಸಂಬಂಧಪಟ್ಟುದಲ್ಲ, ಪ್ರಮಾಣಕ್ಕೆ ಸಂಬಂಧಪಟ್ಟುದು. ಯಾವುದನ್ನು ನಡೆದುದೆಂದು ಎಣಿಸಬೇಕು, ಯಾರು ಬರೆದಿಟ್ಟ ಪಟ್ಟಿಯನ್ನು ನಂಬಬೇಕು, ಪಟ್ಟಿಯಲ್ಲಿ ಇಲ್ಲದುದು ಲೋಕದಲ್ಲಿಯೂ ಇರಲಿಲ್ಲವೆಂದು ತೀರ್ಮಾನಿಸಬಹುದೆ ಎಂಬ ಪ್ರಶ್ನೆಗಳು ಶಾಸನಗಳನ್ನೂ ಓಲೆಗರಿಗಳನ್ನೂ ನೋಡುವವರಿಗೆ ಹೊಸವಲ್ಲ. ಸ್ತ್ರೀಯರ ಕಾಲ್ಚೆಂಡಾಟದ ಜಗತ್ಸ್ಪರ್ಧೆಯು ೧೯೯೧ರಲ್ಲಿ ಆರಂಭವಾಯಿತೆಂಬುದು ಪ್ರಸಿದ್ಧವಾದ ಮಾತು. ಅಧಿಕೃತ ಪಟ್ಟಿಯ ಮಟ್ಟಿಗೆ ಈ ಮಾತು ಸರಿ. ಆಟದ ಚರಿತ್ರೆಯ ಮಟ್ಟಿಗೆ ಅಸಮಗ್ರ. ಈ ಎರಡಕ್ಕೂ ಇರುವ ಅಂತರದಲ್ಲಿಯೇ ನಮ್ಮ ದೇಶದ ಸ್ತ್ರೀಯರ ಅತಿ ದೊಡ್ಡ ಸಾಧನೆಗಳೂ ನಮ್ಮ ನಾಡಿನ ಆಟಗಾರ್ತಿಯರ ಹೆಸರುಗಳೂ ಅಡಗಿಹೋಗಿವೆ.

೨

ಮೊದಲು ಶಬ್ದಗಳನ್ನು ನೋಡೋಣ. ಚೆಂಡಿಗೆ ಸಂಸ್ಕೃತದಲ್ಲಿ ಕಂದುಕವೆಂದು ಹೆಸರು. ಸ್ತ್ರೀಯರ ಕಂದುಕಕ್ರೀಡೆಯ ವರ್ಣನೆ ಕಾವ್ಯಗಳಲ್ಲಿ ಅಪರೂಪವಲ್ಲ. ದಂಡಿಯ ದಶಕುಮಾರಚರಿತದಲ್ಲಿ ಮಿತ್ರಗುಪ್ತನ ಕಥೆಯೊಳಗೆ ಬರುವ ರಾಜಪುತ್ರಿಯ ಹೆಸರೇ ಕಂದುಕಾವತಿ. ಆಕೆ ದೇವಿಯ ಪ್ರೀತ್ಯರ್ಥವಾಗಿ ಜನರ ಮುಂದೆ ಚೆಂಡಾಡುವ ಉತ್ಸವವನ್ನು ಕವಿಯು ಬಲು ವಿಸ್ತಾರವಾಗಿ ಹೇಳಿದ್ದಾನೆ. ಆದರೆ ಅಲ್ಲಿ ಚೆಂಡು ಕೈಯದು, ಆಡುವವಳು ಒಬ್ಬಳೇ, ಎದುರಾಳಿ ಇಲ್ಲ. ಸೋಲುಗೆಲವುಗಳಿಗೆ ಅವಕಾಶವೂ ಇಲ್ಲ. ನೋಡುವವರ ಕಣ್ಣಿಗೆ ಹಬ್ಬವಾಗುವುದೇ ಅದರ ಪ್ರಯೋಜನ. ಇಂದಿನ ಕಾಲ್ಚೆಂಡಾಟವಾದರೋ ಇಬ್ಬಣದ ಹೋರಾಟ. ಹನ್ನೊಂದು ಮಂದಿಗೆ ಇದಿರಾಗಿ ಹನ್ನೊಂದು ಮಂದಿ. ನಿಯಮ, ಕಾಲ, ಎಲ್ಲೆ, ತೀರ್ಪು ಎಲ್ಲವೂ ಗೊತ್ತಾಗಿವೆ. ಸ್ತ್ರೀಯು ಚೆಂಡಾಡುವುದು ಹಿಂದಿನಿಂದ ಬಂದದ್ದೇ. ಆಡಿ ಗೆದ್ದಳೆಂದು ಲೆಕ್ಕವಿಡುವುದು ಮಾತ್ರ ಹೊಸದು.

ಚಾಂಪಿಯನ್ ಎಂಬ ಶಬ್ದವು ಲ್ಯಾಟಿನ್ ಭಾಷೆಯ ಕಂಪುಸ್ ಎಂಬ ಪದದಿಂದ ಬಂದುದು. ಕಂಪುಸ್ ಎಂದರೆ ಬಯಲು. ಬಯಲಿಗಿಳಿದು ಹೋರಾಡುವವನು ಚಾಂಪಿಯನ್ ಎನಿಸಿ, ಕಾಲಕ್ರಮದಲ್ಲಿ ಎಲ್ಲರನ್ನೂ ಗೆದ್ದು ನಿಂತವನಿಗೆ ಆ ಹೆಸರು ರೂಢವಾಯಿತು. ಅಂಥವರನ್ನು ನಿರ್ಣಯಿಸುವ ಸ್ಪರ್ಧೆ ಚಾಂಪಿಯನ್‌ಷಿಪ್. ಕಪ್ ಎಂದರೆ ಪಾರಿತೋಷಕವಾಗಿ ಕೊಡುವ ಬಟ್ಟಲು. ಲಕ್ಷಣೆಯಿಂದ ಆ ಬಟ್ಟಲಿಗಾಗಿ ನಡೆಯುವ ಸ್ಪರ್ಧೆಯೂ ಕಪ್ ಎನಿಸುತ್ತದೆ. ಲೀಗ್ ಎಂದರೆ ಒಡಂಬಡಿಕೆಯಿಂದ ಕೂಡಿದ ತಂಡಗಳ ಕೂಟ.

ಸ್ಪರ್ಧೆಯ ಕ್ರಮ ಎರಡು ಬಗೆ. ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ಆಡಿ, ಗೆಲವಿಗೆ ಮೂರು, ಸಮಕ್ಕೆ ಒಂದು ಎಂಬಂತೆ ಅಂಕಗಳನ್ನು ಗಳಿಸುವುದು ಒಂದು. ಇದನ್ನು ಪರಸ್ಪರ ಕ್ರಮವೆನ್ನಬಹುದು. ಸೋತ ತಂಡವು ಕೂಡಲೆ ಹೊರಗಾಗಿ ಗೆದ್ದ ತಂಡವು ಮುಂದಕ್ಕೆ ಹೋಗುವುದು ಇನ್ನೊಂದು. ಇದು ನಿರ್ಗಮನ ಕ್ರಮ. ದೊಡ್ಡ ಸ್ಪರ್ಧೆಗಳಲ್ಲಿ ಇವೆರಡನ್ನೂ ಬೆರಸುತ್ತಾರೆ. ೨೦೨೩ರಲ್ಲಿ ಆಸ್ಟ್ರೇಲಿಯ ನ್ಯೂಜಿಲೆಂಡುಗಳಲ್ಲಿ ನಡೆದ ಜಗತ್ಸ್ಪರ್ಧೆಯಲ್ಲಿ ೩೨ ತಂಡಗಳನ್ನು ನಾಲ್ಕು ನಾಲ್ಕರಂತೆ ಎಂಟು ಗುಂಪುಗಳಾಗಿ ವಿಭಾಗಿಸಿ, ಗುಂಪಿನೊಳಗೆ ಪರಸ್ಪರ ಕ್ರಮದಿಂದ ಆಡಿಸಿ, ಪ್ರತಿ ಗುಂಪಿನ ಮೊದಲ ಎರಡು ತಂಡಗಳನ್ನು ಆಯ್ದು, ಆ ಹದಿನಾರಕ್ಕೆ ನಿರ್ಗಮನ ಕ್ರಮವನ್ನು ಅನ್ವಯಿಸಿದರು. ಒಟ್ಟು ನಡೆದ ಆಟಗಳು ೬೪.

ಇನ್ನು ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂಬುದಕ್ಕೆ ಲಕ್ಷಣವೇನು? ಆಡುವ ತಂಡಗಳು ದೇಶಗಳ ಪ್ರತಿನಿಧಿಗಳಾಗಿರಬೇಕು; ಎಲ್ಲರಿಗೂ ಒಂದೇ ನಿಯಮವಿರಬೇಕು; ನಡೆಸುವ ಸಂಸ್ಥೆಗೆ ಅಧಿಕಾರವಿದೆಯೆಂದು ಇತರರು ಒಪ್ಪಿರಬೇಕು. ಮೊದಲೆರಡು ಅಂಶಗಳು ಬಯಲಿನಲ್ಲಿ ಕಣ್ಣಿಗೆ ಕಾಣತಕ್ಕವು. ಮೂರನೆಯದು ಕಾಗದದಲ್ಲಿರತಕ್ಕದ್ದು. ಸ್ತ್ರೀಯರ ಆಟಕ್ಕೆ ಬಹುಕಾಲ ದೊರೆಯದೆ ಹೋದುದು ಈ ಮೂರನೆಯದೇ.

೩

ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದ ಕಾರ್ಖಾನೆಯೊಂದರ ಕೆಲಸಗಾರ್ತಿಯರು ಒಂದನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿಕೊಂಡ ಡಿಕ್ ಕೆರ್ ತಂಡವು ಧರ್ಮಾರ್ಥವಾಗಿ ಹಣ ಕೂಡಿಸುವುದಕ್ಕೆ ಊರೂರುಗಳಲ್ಲಿ ಆಡುತ್ತಿತ್ತು. ೧೯೨೦ನೆಯ ಇಸವಿ ಡಿಸೆಂಬರ್ ೨೬ರಂದು ಲಿವರ್‌ಪೂಲಿನ ಗೂಡಿಸನ್ ಪಾರ್ಕಿನಲ್ಲಿ ಈ ತಂಡವು ಸೇಂಟ್ ಹೆಲೆನ್ಸ್ ತಂಡದೊಡನೆ ಆಡಿದಾಗ ೫೩,೦೦೦ ಪ್ರೇಕ್ಷಕರು ನೆರೆದಿದ್ದರು. ಒಂದು ವರ್ಷ ತುಂಬುವುದರೊಳಗಾಗಿ, ೧೯೨೧ನೆಯ ಡಿಸೆಂಬರ್ ೫ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ಈ ಆಟ ಸ್ತ್ರೀಯರಿಗೆ ಯೋಗ್ಯವಲ್ಲವೆಂದು ನಿರ್ಣಯಿಸಿ, ತನ್ನ ಅಂಗಸಂಸ್ಥೆಗಳ ಬಯಲುಗಳನ್ನು ಅವರಿಗೆ ಕೊಡಕೂಡದೆಂದು ವಿಧಿಸಿತು. ಈ ನಿಷೇಧವು ಸುಮಾರು ಐವತ್ತು ವರ್ಷ ಉಳಿಯಿತು. ಬ್ರೆಜಿಲಿನಲ್ಲಿ ೧೯೪೧ರ ಸರ್ಕಾರಿ ಆಜ್ಞೆಯ ಬಲದಿಂದ ೧೯೭೯ರವರೆಗೂ, ಪಶ್ಚಿಮ ಜರ್ಮನಿಯಲ್ಲಿ ೧೯೫೫ರಿಂದ ೧೯೭೦ರವರೆಗೂ ಸ್ತ್ರೀಯರಿಗೆ ಇಂಥ ತಡೆಗಳಿದ್ದುವು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇಂಗ್ಲೆಂಡಿನ ಸಂಘವು ಸ್ತ್ರೀಯರು ಆಡುವುದನ್ನು ತಡೆಯಲು ಶಕ್ತವಾಗಿರಲಿಲ್ಲ. ಡಿಕ್ ಕೆರ್ ತಂಡದವರು ನಿಷೇಧಾನಂತರವೂ ದಶಕಗಳ ಕಾಲ ಆಡಿದರು. ಸಂಘವು ಕಿತ್ತುಕೊಂಡುದು ಬಯಲನ್ನು, ತೀರ್ಪುಗಾರರನ್ನು, ದಾಖಲೆಯನ್ನು. ಆದುದರಿಂದ ಆ ಐವತ್ತು ವರ್ಷಗಳ ಪುಟಗಳು ಬರಿದಾಗಿರುವುದನ್ನು ಕಂಡು ಆಟವೇ ಇರಲಿಲ್ಲವೆಂದು ಹೇಳುವುದು ತರ್ಕಕ್ಕೆ ವಿರುದ್ಧ. ಅನುಪಲಬ್ಧಿಯು ಅಭಾವಕ್ಕೆ ಪ್ರಮಾಣವಾಗಬೇಕಾದರೆ, ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಅಲ್ಲಿರಬೇಕು. ಬರೆಯಬೇಕಾದವನು ಬರೆಯುವುದಿಲ್ಲವೆಂದು ಮೊದಲೇ ಪಣ ತೊಟ್ಟಿದ್ದರೆ ಆ ಯೋಗ್ಯತೆ ಎಲ್ಲಿಂದ ಬರಬೇಕು?

೪

ದೇಶ ದೇಶಗಳ ಸ್ತ್ರೀಯರು ಕೂಡಿ ಆಡಿದ ಜಗತ್ಸ್ಪರ್ಧೆಯು ಮೊದಲು ನಡೆದುದು ೧೯೭೦ರಲ್ಲಿ, ಇಟಲಿಯಲ್ಲಿ. ಅದನ್ನು ಡೆನ್ಮಾರ್ಕಿನವರು ಗೆದ್ದರು. ಮರುವರ್ಷ, ೧೯೭೧ರ ಆಗಸ್ಟ್ ಸೆಪ್ಟೆಂಬರುಗಳಲ್ಲಿ, ಮೆಕ್ಸಿಕೋ ದೇಶದಲ್ಲಿ ಎರಡನೆಯದು ನಡೆಯಿತು. ಮೆಕ್ಸಿಕೋ, ಅರ್ಜೆಂಟೀನ, ಇಂಗ್ಲೆಂಡ್, ಫ್ರಾನ್ಸ್, ಇಟಲಿ, ಡೆನ್ಮಾರ್ಕ್ ಎಂಬ ಆರು ದೇಶಗಳ ತಂಡಗಳು ಬಂದಿದ್ದುವು. ಅಜ್ಟೆಕಾ ಮೈದಾನದ ಅಂತಿಮ ಪಂದ್ಯದಲ್ಲಿ ಡೆನ್ಮಾರ್ಕ್ ಮೆಕ್ಸಿಕೋವನ್ನು ೩–೦ ಗೋಲುಗಳಿಂದ ಸೋಲಿಸಿತು. ಮೂರು ಗೋಲುಗಳನ್ನೂ ಹೊಡೆದವಳು ಹದಿನೈದು ವರ್ಷದ ಸುಸಾನೆ ಆಗಸ್ಟೆಸೆನ್. ಆ ದಿನದ ಪ್ರೇಕ್ಷಕರ ಸಂಖ್ಯೆಯನ್ನು ಸುಮಾರು ೧,೧೦,೦೦೦ ಎಂದು ಗಣಿಸಿದ್ದಾರೆ. ಇಷ್ಟಾದರೂ ಇವೆರಡು ಸ್ಪರ್ಧೆಗಳು ಅಂತರರಾಷ್ಟ್ರೀಯ ಫುಟ್‌ಬಾಲ್ ಮಹಾಸಂಘವಾದ ಫೀಫಾದ ಅಂಗೀಕಾರವಿಲ್ಲದೆ ನಡೆದುವಾದ್ದರಿಂದ ಅದರ ಪಟ್ಟಿಯಲ್ಲಿ ಸೇರಲಿಲ್ಲ.

ಅಂಗೀಕಾರ ಬಂದಾಗಲೂ ಮೆಟ್ಟಲು ಮೆಟ್ಟಲಾಗಿಯೇ ಬಂದಿತು. ಅದರ ಗುರುತು ಹೆಸರುಗಳಲ್ಲಿ ಉಳಿದಿದೆ. ೧೯೮೪ರಲ್ಲಿ ಯುರೋಪಿನ ಸಂಸ್ಥೆಯು ಮೊದಲ ಸಲ ಸ್ತ್ರೀಯರ ಸ್ಪರ್ಧೆಯನ್ನು ಮುಗಿಸಿ ಸ್ವೀಡನ್ ತಂಡವನ್ನು ವಿಜಯಿಯೆಂದು ಸಾರಿದಾಗ ಅದಕ್ಕೆ ಕೇವಲ ಸ್ಪರ್ಧೆಯೆಂದು ಹೆಸರಿಟ್ಟಿತೇ ಹೊರತು ಚಾಂಪಿಯನ್‌ಷಿಪ್ ಎನ್ನಲಿಲ್ಲ. ಆ ಆಟಗಳ ಕಾಲ ತೊಂಬತ್ತು ನಿಮಿಷವಲ್ಲ, ಎಪ್ಪತ್ತು. ಚೆಂಡೂ ಒಂದು ಅಳತೆ ಕಿರಿದು. ೧೯೮೬ರಲ್ಲಿ ಮೆಕ್ಸಿಕೋದಲ್ಲಿ ಸೇರಿದ ಫೀಫಾ ಮಹಾಸಭೆಯಲ್ಲಿ ನಾರ್ವೆಯ ಪ್ರತಿನಿಧಿ ಎಲೆನ್ ವಿಲ್ಲೆ ಎಂಬಾಕೆ ಎದ್ದುನಿಂತು, ಸಂಸ್ಥೆಯ ಕಾಗದಪತ್ರಗಳಲ್ಲಿ ಸ್ತ್ರೀಯರ ಆಟದ ಪ್ರಸ್ತಾಪವೇ ಇಲ್ಲದಿರುವುದನ್ನು ಎತ್ತಿ ತೋರಿಸಿ, ಅವರಿಗೂ ಜಗತ್ಸ್ಪರ್ಧೆ ಬೇಕೆಂದು ವಾದಿಸಿದಳು. ೧೯೮೮ರಲ್ಲಿ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಪರೀಕ್ಷಾರ್ಥವಾಗಿ ಆಹ್ವಾನಿತ ತಂಡಗಳ ಸ್ಪರ್ಧೆ ನಡೆಯಿತು. ಅದು ಸಫಲವಾದ ಬಳಿಕ ೧೯೯೧ರಲ್ಲಿ, ಚೀನದಲ್ಲಿಯೇ, ೧೨ ತಂಡಗಳ ಅಧಿಕೃತ ಸ್ಪರ್ಧೆ ನಡೆದು ಅಮೆರಿಕ ಸಂಯುಕ್ತ ಸಂಸ್ಥಾನವು ನಾರ್ವೆಯನ್ನು ೨–೧ರಿಂದ ಗೆದ್ದಿತು.

ಆ ಸ್ಪರ್ಧೆಗೆ ಅಂದು ಇಟ್ಟ ಹೆಸರು ವಿಶ್ವಕಪ್ ಎಂದಲ್ಲ. ಅದನ್ನು ಸ್ತ್ರೀಯರ ಫುಟ್‌ಬಾಲಿನ ವಿಶ್ವ ಚಾಂಪಿಯನ್‌ಷಿಪ್ ಎಂದು ಕರೆದು, ಬಟ್ಟಲಿಗೆ ಹಣ ಕೊಟ್ಟ ಮಿಠಾಯಿ ವ್ಯಾಪಾರಿಗಳ ಹೆಸರನ್ನು ಸೇರಿಸಿದ್ದರು. ಆಟದ ಕಾಲವೂ ಎಂಬತ್ತು ನಿಮಿಷ. ವಿಶ್ವಕಪ್ ಎಂಬ ಹೆಸರು ಸ್ಥಿರಪಟ್ಟ ಮೇಲೆ ಅದನ್ನು ಹಿಂದಕ್ಕೂ ಅನ್ವಯಿಸಿ ೧೯೯೧ರದನ್ನೂ ಮೊದಲನೆಯ ವಿಶ್ವಕಪ್ ಎಂದು ಎಣಿಸಿದರು. ಹೀಗೆ ಕಾಲಾನಂತರದಲ್ಲಿ ಹುಟ್ಟಿದ ಹೆಸರನ್ನು ಪೂರ್ವಕಾಲದ ಸಂಗತಿಗೆ ಆರೋಪಿಸುವುದು ವಾಙ್ಮಯಚರಿತ್ರೆಯಲ್ಲಿಯೂ ಉಂಟು. ಆ ಉದಾರತೆ ೧೯೯೧ರವರೆಗೆ ಹೋಗಿ ಅಲ್ಲಿಯೇ ನಿಂತಿತು. ೧೯೭೦, ೧೯೭೧ರ ಸ್ಪರ್ಧೆಗಳಿಗೆ ಅದು ದೊರೆಯಲಿಲ್ಲ.

ಅಂದಿನಿಂದ ೨೦೨೩ರವರೆಗೆ ನಾಲ್ಕು ವರ್ಷಗಳಿಗೊಮ್ಮೆ ಒಂಬತ್ತು ವಿಶ್ವಕಪ್‌ಗಳು ನಡೆದಿವೆ. ಅಮೆರಿಕವು ೧೯೯೧, ೧೯೯೯, ೨೦೧೫, ೨೦೧೯ರಲ್ಲಿ ನಾಲ್ಕು ಸಲವೂ, ಜರ್ಮನಿಯು ೨೦೦೩, ೨೦೦೭ರಲ್ಲಿ ಎರಡು ಸಲವೂ ಗೆದ್ದುವು. ನಾರ್ವೆ ೧೯೯೫ರಲ್ಲಿ, ಜಪಾನ್ ೨೦೧೧ರಲ್ಲಿ, ಸ್ಪೇನ್ ೨೦೨೩ರಲ್ಲಿ ಒಂದೊಂದು ಸಲ ಗೆದ್ದುವು. ತಂಡಗಳ ಸಂಖ್ಯೆ ೧೨ರಿಂದ ೧೬ಕ್ಕೂ, ೨೪ಕ್ಕೂ, ಕಡೆಗೆ ೩೨ಕ್ಕೂ ಏರಿತು. ೧೯೯೬ರಿಂದ ಒಲಿಂಪಿಕ್ ಕ್ರೀಡೆಗಳಲ್ಲಿಯೂ ಸ್ತ್ರೀಯರ ಕಾಲ್ಚೆಂಡಾಟ ಸೇರಿತು.

೫

ಜಗತ್ಸ್ಪರ್ಧೆಯ ಕಥೆ ಹೀಗಾದರೆ ಏಷ್ಯಾ ಖಂಡದ ಕಥೆ ಮತ್ತೊಂದು ರೀತಿಯದು. ಯುರೋಪಿನ ಸಂಸ್ಥೆಯು ೧೯೮೪ರಲ್ಲಿ ಮಾಡಿದುದನ್ನು ಏಷ್ಯಾದವರು ಒಂಬತ್ತು ವರ್ಷ ಮೊದಲೇ ಮಾಡಿದ್ದರು. ೧೯೭೫ರಲ್ಲಿ ಹಾಂಗ್‌ಕಾಂಗಿನಲ್ಲಿ ಏಷ್ಯಾದ ಮೊದಲ ಸ್ತ್ರೀ ಚಾಂಪಿಯನ್‌ಷಿಪ್ ನಡೆಯಿತು. ಅದನ್ನು ಗೆದ್ದ ನ್ಯೂಜಿಲೆಂಡು ಏಷ್ಯಾ ಖಂಡಕ್ಕೆ ಸೇರಿದ ದೇಶವಲ್ಲವೆಂಬುದು ವಿನೋದದ ಸಂಗತಿ. ಈ ಸ್ಪರ್ಧೆಯನ್ನು ನಡೆಸುತ್ತಿದ್ದುದು ಪುರುಷರ ಆಟವನ್ನು ನೋಡಿಕೊಳ್ಳುವ ಏಷ್ಯಾ ಸಂಸ್ಥೆಯಲ್ಲ, ಏಷ್ಯಾ ಸ್ತ್ರೀ ಫುಟ್‌ಬಾಲ್ ಒಕ್ಕೂಟವೆಂಬ ಪ್ರತ್ಯೇಕ ಸಂಸ್ಥೆ. ಇದು ೧೯೮೬ರಲ್ಲಿ ದೊಡ್ಡ ಸಂಸ್ಥೆಯೊಳಗೆ ಲೀನವಾಯಿತು.

ನಮ್ಮ ದೇಶದಲ್ಲಿಯೂ ಅದೇ ಏರ್ಪಾಡು. ೧೯೭೫ರಲ್ಲಿ ಭಾರತ ಸ್ತ್ರೀ ಫುಟ್‌ಬಾಲ್ ಒಕ್ಕೂಟವು ಹುಟ್ಟಿ, ಆ ವರ್ಷವೇ ಲಖನೌ ನಗರದಲ್ಲಿ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಸ್ತ್ರೀಯರ ಆಟದ ಹೊಣೆಯನ್ನು ವಹಿಸಿಕೊಂಡುದು ೧೯೯೦ರ ದಶಕದ ಆರಂಭದಲ್ಲಿ. ಈ ನಡುವಣ ಹದಿನೈದು ವರ್ಷಗಳಲ್ಲಿ ಭಾರತೀಯ ಸ್ತ್ರೀಯರು ಮಾಡಿದುದೇನೆಂಬುದನ್ನು ಕೇಳಬೇಕು.

ಕೇರಳದ ಕಲ್ಲಿಕೋಟೆಯಲ್ಲಿ ಏಷ್ಯಾ ಚಾಂಪಿಯನ್‌ಷಿಪ್ ನಡೆದಾಗ ಆತಿಥೇಯ ಭಾರತವು ಉತ್ತರ ದಕ್ಷಿಣಗಳೆಂದು ಎರಡು ತಂಡಗಳನ್ನು ಕಣಕ್ಕೆ ಇಳಿಸಿತು. ಅವುಗಳಲ್ಲಿ ದಕ್ಷಿಣದ ತಂಡವು ಅಂತಿಮ ಪಂದ್ಯವನ್ನು ಮುಟ್ಟಿ, ತೈವಾನಿನ ತಂಡಕ್ಕೆ ೨–೦ರಿಂದ ಸೋತು ದ್ವಿತೀಯ ಸ್ಥಾನ ಪಡೆಯಿತು. ಇದರ ವರ್ಷವನ್ನು ಕೆಲವು ಪಟ್ಟಿಗಳು ೧೯೭೯ ಎಂದೂ ಕೆಲವು ೧೯೮೦ ಎಂದೂ ಕೊಡುತ್ತವೆ. ಆಟ ನಡೆದುದು ೧೯೮೦ರ ಜನವರಿಯಲ್ಲಿ. ಪಾಠಭೇದವನ್ನು ಕಂಡವರು ಇವು ಎರಡು ಬೇರೆ ಬೇರೆ ಸ್ಪರ್ಧೆಗಳೆಂದು ಭ್ರಮಿಸಬಾರದು. ೧೯೮೧ರಲ್ಲಿ ಹಾಂಗ್‌ಕಾಂಗಿನಲ್ಲಿ ಭಾರತಕ್ಕೆ ಮೂರನೆಯ ಸ್ಥಾನ ಬಂದಿತು. ೧೯೮೩ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಅಂತಿಮ ಪಂದ್ಯವನ್ನು ಸೇರಿ, ಥಾಯ್‌ಲೆಂಡಿಗೆ ೩–೦ರಿಂದ ಸೋತು ಪುನಃ ದ್ವಿತೀಯ ಸ್ಥಾನ ಬಂದಿತು. ಬೆನ್ನು ಬೆನ್ನಿಗೆ ಮೂರು ಸ್ಪರ್ಧೆಗಳಲ್ಲಿ ಎರಡನೆಯ, ಮೂರನೆಯ, ಎರಡನೆಯ ಸ್ಥಾನಗಳು ಎಂದಾಯಿತು. ಅಂದು ಜಗತ್ಸ್ಪರ್ಧೆ ಅಧಿಕೃತವಾಗಿ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದಾಗ ನಮ್ಮವರ ಆ ಬಲ ಕುಂದಿಹೋಗಿತ್ತು. ೨೦೨೩ರವರೆಗಿನ ಒಂಬತ್ತು ವಿಶ್ವಕಪ್‌ಗಳಲ್ಲಿ ಒಂದರಲ್ಲಿಯೂ ಭಾರತದ ಸ್ತ್ರೀಯರ ತಂಡ ಆಡಲಿಲ್ಲ.

ಈ ಕಾಲದ ಆಟಗಾರ್ತಿಯರಲ್ಲಿ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ೧೯೮೩ರಲ್ಲಿ ಅರ್ಜುನ ಪ್ರಶಸ್ತಿ ಬಂದುದರಿಂದ ಅವರ ಹೆಸರು ಉಳಿಯಿತು. ಕರ್ನಾಟಕದ ಚಿತ್ರಾ ಗಂಗಾಧರನ್ ಅವರೂ ಭಾರತದ ಪರವಾಗಿ ಆಡಿ, ಏಷ್ಯಾ ಖಂಡದ ಶ್ರೇಷ್ಠ ಆಟಗಾರ್ತಿಯರನ್ನು ಆಯ್ದು ಕಟ್ಟಿದ ತಂಡಕ್ಕೆ ಆಯ್ಕೆಯಾಗಿದ್ದರು. ಒಂದು ಖಂಡದಲ್ಲೆಲ್ಲ ಆರಿಸಿದ ತಂಡದಲ್ಲಿ ನಮ್ಮ ನಾಡಿನವರೊಬ್ಬರು ಸ್ಥಾನ ಪಡೆದುದು ಸಾಮಾನ್ಯ ವಿಷಯವಲ್ಲ. ಆದರೆ ಕನ್ನಡದಲ್ಲಿ ಓದುವ ವಿದ್ಯಾರ್ಥಿನಿಯರಲ್ಲಿ ಈ ಹೆಸರನ್ನು ಕೇಳಿದವರು ಎಷ್ಟು ಮಂದಿ? ಅಂದಿನ ಒಕ್ಕೂಟ ಬೇರೆ, ಇಂದಿನ ಒಕ್ಕೂಟ ಬೇರೆ. ಒಂದರ ಕಡತಗಳು ಇನ್ನೊಂದರ ಸ್ಮೃತಿಯಾಗಿ ಇಳಿದುಬರುವುದು ಸುಲಭವಲ್ಲ. ಗುರುಕುಲ ಮುರಿದಾಗ ಪಾಠ ಕಳೆದುಹೋಗುವಂತೆಯೇ ಸಂಸ್ಥೆ ಮುರಿದಾಗ ಹೆಸರುಗಳು ಕಳೆದುಹೋಗುತ್ತವೆ.

೬

ಹಳೆಯದು ಮರೆಯಾಗುವುದು ಸಹಜ, ಈಗಿನದು ಭದ್ರವಾಗಿರುತ್ತದಲ್ಲವೆ ಎಂದು ಪೂರ್ವಪಕ್ಷಿಯು ಕೇಳಬಹುದು. ಈಚಿನ ಮೂರು ನಿದರ್ಶನಗಳನ್ನು ನೋಡೋಣ.

೨೦೦೯ರಲ್ಲಿ, ಒಂದೂವರೆ ವರ್ಷಕ್ಕೂ ಮೇಲ್ಪಟ್ಟು ಅಂತರರಾಷ್ಟ್ರೀಯ ಪಂದ್ಯಗಳನ್ನಾಡದ ಕಾರಣ, ಭಾರತದ ಸ್ತ್ರೀಯರ ತಂಡದ ಹೆಸರನ್ನು ಫೀಫಾ ತನ್ನ ಶ್ರೇಯಾಂಕ ಪಟ್ಟಿಯಿಂದ ತೆಗೆದುಹಾಕಿತು. ಆಡಿಸಬೇಕಾದವರು ಆಡಿಸಲಿಲ್ಲ, ಹೆಸರು ಹೋದುದು ಆಡುವವರದು. ಮರುವರ್ಷ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಸ್ತ್ರೀಯರಿಗೂ ಆರಂಭವಾದಾಗ ಅದೇ ಭಾರತೀಯ ಸ್ತ್ರೀಯರು ಅದನ್ನು ಗೆದ್ದರು. ೨೦೧೦, ೨೦೧೨, ೨೦೧೪, ೨೦೧೬, ೨೦೧೯ ಹೀಗೆ ಐದು ಸಲ ಎಡೆಬಿಡದೆ ಗೆದ್ದರು.

ಎರಡನೆಯದು ೨೦೨೨ರ ಜನವರಿಯದು. ಏಷ್ಯಾ ಕಪ್ ಸ್ಪರ್ಧೆ ಮುಂಬಯಿ, ನವಿ ಮುಂಬಯಿ, ಪುಣೆಗಳಲ್ಲಿ ನಡೆಯಿತು. ಜನವರಿ ೨೦ರಂದು ಭಾರತವು ಇರಾನಿನೊಡನೆ ಆಡಿದ ಪಂದ್ಯ ಗೋಲಿಲ್ಲದೆ ಸಮವಾಯಿತು. ಅನಂತರ ತಂಡದಲ್ಲಿ ಕೋವಿಡ್ ವ್ಯಾಧಿ ಹರಡಿ, ಜನವರಿ ೨೩ರ ಪಂದ್ಯಕ್ಕೆ ನಿಯಮದಂತೆ ಬೇಕಾದ ಹದಿಮೂರು ಮಂದಿ ದೊರೆಯಲಿಲ್ಲ. ನಿಯಮಾನುಸಾರ ಭಾರತವು ಸ್ಪರ್ಧೆಯಿಂದ ಹಿಂದೆಗೆದಂತೆ ಎಣಿಸಲ್ಪಟ್ಟಿತು. ಇರಾನಿನೊಡನೆ ಆಡಿದ ಪಂದ್ಯವೂ ಸ್ಪರ್ಧೆಯ ಲೆಕ್ಕದಲ್ಲಿ ಅಸಿಂಧುವಾಯಿತು. ನಿಯಮವನ್ನು ನಾವು ಆಕ್ಷೇಪಿಸಬೇಕಾದುದಿಲ್ಲ. ಆದರೆ ತೊಂಬತ್ತು ನಿಮಿಷ ಆಡಿದ ಆಟವೊಂದು ಪಟ್ಟಿಯಲ್ಲಿ ನಡೆಯದ ಆಟವಾಯಿತೆಂಬುದನ್ನು ಚರಿತ್ರಕಾರನು ಗುರುತಿಸಿಕೊಳ್ಳಬೇಕು. ಅಂಕಪಟ್ಟಿಯೊಂದನ್ನೇ ಪ್ರಮಾಣವಾಗಿ ಹಿಡಿದರೆ ಆ ದಿನ ಆ ಹೆಣ್ಣುಮಕ್ಕಳು ಬಯಲಿಗೆ ಇಳಿಯಲೇ ಇಲ್ಲವೆನ್ನಬೇಕಾಗುತ್ತದೆ.

ಮೂರನೆಯದು ಆ ವರ್ಷದ ಆಗಸ್ಟ್ ತಿಂಗಳಿನದು. ಅಖಿಲ ಭಾರತ ಒಕ್ಕೂಟದ ಆಡಳಿತದ ವಿವಾದದಿಂದ ಫೀಫಾ ಅದನ್ನು ಕೆಲವು ದಿನಗಳ ಕಾಲ ಅಮಾನತಿನಲ್ಲಿಟ್ಟಿತು. ಕೇರಳದ ಗೋಕುಲಂ ಸ್ತ್ರೀಯರ ತಂಡವು ಏಷ್ಯಾದ ಕ್ಲಬ್ ಸ್ಪರ್ಧೆಗಾಗಿ ಆಗಲೇ ತಾಷ್ಕೆಂಟ್ ನಗರವನ್ನು ತಲಪಿತ್ತು. ಆಡುವುದಕ್ಕೆ ಅವಕಾಶವಿಲ್ಲದೆ ಹಿಂದಿರುಗಬೇಕಾಯಿತು. ಅಮಾನತು ತೆರವಾದುದರಿಂದ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಬಾಲಿಕೆಯರ ವಿಶ್ವಕಪ್ ನಮ್ಮ ದೇಶದಲ್ಲಿಯೇ, ಭುವನೇಶ್ವರ, ಗೋವೆ, ನವಿ ಮುಂಬಯಿಗಳಲ್ಲಿ, ನಡೆಯಿತು. ಆತಿಥೇಯರಾದ ನಮ್ಮ ಬಾಲಿಕೆಯರು ಅಮೆರಿಕ, ಮೊರಾಕೊ, ಬ್ರೆಜಿಲ್ ತಂಡಗಳಿಗೆ ಕ್ರಮವಾಗಿ ೮–೦, ೩–೦, ೫–೦ರಿಂದ ಸೋತರು. ಸೋಲೇ ಸರಿ, ಆದರೆ ಅದು ಬರೆದಿಟ್ಟ ಸೋಲು. ಮುಂದಿನವರು ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಹೀಗೆ ಅಳೆದು ನೋಡಬಹುದಾದ ಏಳ್ಗೆಯು ೨೦೨೫ರಲ್ಲಿ ಕಂಡುಬಂದಿತು. ಏಷ್ಯಾ ಕಪ್‌ನ ಅರ್ಹತಾ ಸುತ್ತು ಥಾಯ್‌ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಐದು ತಂಡಗಳ ಗುಂಪಾಗಿ, ಪರಸ್ಪರ ಕ್ರಮದಿಂದ ನಡೆಯಿತು. ಮೊದಲ ಸ್ಥಾನದವರಿಗೆ ಮಾತ್ರ ಮುಂದಕ್ಕೆ ದಾರಿ. ಭಾರತವು ಮಂಗೋಲಿಯವನ್ನು ೧೩–೦, ಪೂರ್ವ ತಿಮೋರನ್ನು ೪–೦, ಇರಾಕನ್ನು ೫–೦ರಿಂದ ಗೆದ್ದಿತು. ಥಾಯ್‌ಲೆಂಡಿಗೂ ಆ ಮೂರು ಗೆಲವುಗಳಿದ್ದುವು. ಜುಲೈ ೫ರಂದು ಅವರಿಬ್ಬರೂ ಎದುರಾದಾಗ ಬಂಗಾಳದ ಸಂಗೀತಾ ಬಾಸ್ಫೋರ್ ಅವರ ಎರಡು ಗೋಲುಗಳಿಂದ ಭಾರತವು ೨–೧ರಿಂದ ಜಯಿಸಿ, ೨೦೨೬ರಲ್ಲಿ ಆಸ್ಟ್ರೇಲಿಯದಲ್ಲಿ ಏರ್ಪಟ್ಟ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಅರ್ಹತಾ ಪಂದ್ಯಗಳನ್ನಾಡಿ ಗೆದ್ದು ಈ ಸ್ಪರ್ಧೆಯನ್ನು ಸೇರಿದುದು ಭಾರತಕ್ಕೆ ಅದೇ ಮೊದಲು.

ಇದಕ್ಕೆ ಪೂರ್ವಭಾವಿಯಾದ ಶಿಕ್ಷಣಶಿಬಿರ ನಡೆದುದು ಬೆಂಗಳೂರಿನ ಪಡುಕೋಣೆ–ದ್ರಾವಿಡ್ ಕ್ರೀಡಾಕೇಂದ್ರದಲ್ಲಿ. ಈ ಕೇಂದ್ರದಲ್ಲಿಯೇ ೨೦೨೪ರ ಡಿಸೆಂಬರ್ ೩೦ರಂದು ಭಾರತವು ಮಾಲ್ಡೀವ್ಸ್ ತಂಡವನ್ನು ೧೪–೦ರಿಂದ ಸೋಲಿಸಿತ್ತು. ೨೦೨೦ರ ಫೆಬ್ರವರಿಯಲ್ಲಿ ಭಾರತ ಸ್ತ್ರೀಯರ ಲೀಗಿನ ಅಂತಿಮ ಪಂದ್ಯ ಬೆಂಗಳೂರು ಫುಟ್‌ಬಾಲ್ ಮೈದಾನದಲ್ಲಿ ನಡೆದಿತ್ತು. ೨೦೨೩ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವು ಅದೇ ಲೀಗಿನ ಅಂತಿಮ ಪಂದ್ಯವನ್ನು ಮುಟ್ಟಿ ಗೋಕುಲಂ ತಂಡಕ್ಕೆ ಸೋತಿತು. ಆದಕಾರಣ ಈ ವಿಷಯವು ಕನ್ನಡನಾಡಿಗೆ ದೂರದ್ದೆಂದು ಹೇಳುವಂತಿಲ್ಲ.

೭

ಇನ್ನು ವಿಶೇಷಣದ ವಿಚಾರ. ಪುರುಷರ ಸ್ಪರ್ಧೆಯನ್ನು ವಿಶ್ವಕಪ್ ಎಂದಷ್ಟೇ ಕರೆಯುತ್ತೇವೆ; ಸ್ತ್ರೀಯರದಕ್ಕೆ ಮಾತ್ರ ಮಹಿಳಾ ವಿಶ್ವಕಪ್ ಎನ್ನುತ್ತೇವೆ. ವಿಶೇಷಣದ ಪ್ರಯೋಜನ ವ್ಯಾವರ್ತನೆ, ಎಂದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು. ಎರಡೂ ಇರುವಾಗ ಎರಡಕ್ಕೂ ವಿಶೇಷಣವಿರಬೇಕು, ಅಥವಾ ಸಂದರ್ಭದಿಂದ ತಿಳಿಯುವಾಗ ಎರಡಕ್ಕೂ ಬೇಡ. ಒಂದಕ್ಕೆ ಮಾತ್ರ ಹಚ್ಚಿದರೆ ವಿಶೇಷಣವಿಲ್ಲದುದು ಪ್ರಕೃತಿಯೆಂದೂ ಇರುವುದು ವಿಕೃತಿಯೆಂದೂ ಧ್ವನಿ ಹುಟ್ಟುತ್ತದೆ. ವ್ಯಾಕರಣ ಬಲ್ಲವರು ಇದನ್ನು ಅಲಕ್ಷಿಸಬಾರದು. ಪಾಠಗಳಲ್ಲಿ ಪುರುಷರ ವಿಶ್ವಕಪ್, ಸ್ತ್ರೀಯರ ವಿಶ್ವಕಪ್ ಎಂದು ಎರಡನ್ನೂ ಸಮವಾಗಿ ಬರೆಯುವುದು ಯುಕ್ತ.

ಇದು ಸಾಧ್ಯವೇ ಎಂದು ಕೇಳುವವರು ತುಮಕೂರು ಸೀಮೆಯ ಗುಬ್ಬಿಯ ಕಡೆ ನೋಡಬಹುದು. ೧೮೮೪ರ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಕನ್ನಡ ರಂಗಭೂಮಿಯಲ್ಲಿ ಪ್ರಸಿದ್ಧವಾದುದು. ವೃತ್ತಿನಾಟಕದ ಆರಂಭಕಾಲದಲ್ಲಿ ಸೀತೆ ದ್ರೌಪದಿಯರ ವೇಷವನ್ನು ಗಂಡಸರೇ ಕಟ್ಟುತ್ತಿದ್ದರು. ಸ್ತ್ರೀಯರು ರಂಗವನ್ನೇರುವುದು ಯೋಗ್ಯವಲ್ಲವೆಂಬ ಮಾತೂ ಇತ್ತು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನವರಂಥ ನಟಿಯರು ರಂಗಕ್ಕೆ ಬಂದು ಜನರ ಮನ್ನಣೆ ಗಳಿಸಿದ ಮೇಲೆ ಆ ಮಾತು ತಾನಾಗಿಯೇ ಅಡಗಿತು. ನಟಿಯರು ಆಡಿದ ನಾಟಕವನ್ನು ಇಂದು ಯಾರೂ ಸ್ತ್ರೀನಾಟಕವೆಂದು ಪ್ರತ್ಯೇಕಿಸುವುದಿಲ್ಲ, ಅದು ನಾಟಕವೇ. ರೂಢಿಯಲ್ಲಿ ಆದ ಈ ಬದಲಾವಣೆ ಆಟದ ವಿಷಯದಲ್ಲಿಯೂ ಅಸಂಭವವಲ್ಲ.

೮

ಕಡೆಯದಾಗಿ, ನಾವು ಮಾಡತಕ್ಕದ್ದೇನು? ಜಗತ್ತಿನ ಪಟ್ಟಿಗಳನ್ನು ತಿದ್ದುವ ಅಧಿಕಾರ ನಮಗಿಲ್ಲ. ನಮ್ಮ ಪಟ್ಟಿಗಳನ್ನು ಬರೆಯುವ ಅಧಿಕಾರ ಉಂಟು. ಬಿ. ಎಲ್. ರೈಸರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು, ಗುಬ್ಬಿ, ಕುಣಿಗಲು ಮೊದಲಾದ ತಾಲ್ಲೂಕುಗಳ ಶಾಸನಗಳು ಸಂಗ್ರಹವಾಗಿವೆ. ಈ ನಾಡಿನ ಶಾಸನಗಳಲ್ಲಿ ವೀರಗಲ್ಲುಗಳು ಒಂದು ದೊಡ್ಡ ವರ್ಗ. ತುರುಗೊಳಲು ಬಂದವರನ್ನು ಇದಿರಿಸಿ ಮಡಿದವನ ಹೆಸರನ್ನು ಊರವರು ಕಲ್ಲಿನಲ್ಲಿ ಕೊರೆಸಿದರು. ಆತನು ಉಳಿದನೆ, ಅಳಿದನೆ ಎಂಬುದಕ್ಕಿಂತ ಕಾಳಗಕ್ಕೆ ನಿಂತನೆಂಬುದೇ ಅವರಿಗೆ ಮುಖ್ಯವಾಯಿತು. ಯಾವ ಚಕ್ರವರ್ತಿಯ ಅಂಗೀಕಾರಕ್ಕೂ ಅವರು ಕಾಯಲಿಲ್ಲ. ಆ ಕಲ್ಲುಗಳಿಂದಲೇ ಇಂದು ನಾವು ಆ ಸಾಮಾನ್ಯರ ಹೆಸರುಗಳನ್ನು ಬಲ್ಲೆವು. ಅವರನ್ನಾಳಿದ ಅರಸರ ಕಾಲನಿರ್ಣಯಕ್ಕೂ ಎಷ್ಟೋ ವೇಳೆ ಅವೇ ಆಧಾರವಾಗಿವೆ.

ಈ ಪದ್ಧತಿಯನ್ನೇ ಆಟಕ್ಕೂ ಅನ್ವಯಿಸಬೇಕು. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಬಾಲಿಕೆಯರ ತಂಡವಿದ್ದರೆ ಅದರಲ್ಲಿ ಆಡಿದವರ ಹೆಸರು, ಆಡಿದ ದಿನ, ಸ್ಥಳ, ಎದುರಾಳಿ, ಫಲಿತಾಂಶ ಈ ಐದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸೋಲನ್ನೂ ಬರೆಯಬೇಕು, ಮಳೆಯಿಂದ ನಿಂತ ಪಂದ್ಯವನ್ನೂ, ಲೆಕ್ಕಕ್ಕೆ ಬಾರದೆ ಹೋದ ಪಂದ್ಯವನ್ನೂ ಕಾರಣಸಹಿತ ಬರೆಯಬೇಕು. ೧೯೭೫ರಿಂದ ೧೯೯೦ರವರೆಗೆ ಕರ್ನಾಟಕದ ಪರವಾಗಿಯೂ ಭಾರತದ ಪರವಾಗಿಯೂ ಆಡಿದ ಸ್ತ್ರೀಯರಲ್ಲಿ ಎಷ್ಟೋ ಮಂದಿ ಈಗ ಅರುವತ್ತರ ಆಸುಪಾಸಿನಲ್ಲಿರಬೇಕು. ಅವರನ್ನು ಕಂಡು, ಅವರಲ್ಲಿರುವ ಛಾಯಾಚಿತ್ರಗಳನ್ನೂ ಪತ್ರಿಕೆಗಳ ತುಣುಕುಗಳನ್ನೂ ನೋಡಿ, ನೆನಪುಗಳನ್ನು ಬರೆದುಕೊಳ್ಳುವುದು ಕನ್ನಡ ಅಧ್ಯಾಪಕರೂ ಅವರ ವಿದ್ಯಾರ್ಥಿಗಳೂ ಕೈಕೊಳ್ಳಬಹುದಾದ ಸಂಶೋಧನೆ. ಇದಕ್ಕೆ ಹೆಚ್ಚಿನ ಧನವಾಗಲಿ ಯಂತ್ರವಾಗಲಿ ಬೇಕಿಲ್ಲ. ಬೇಕಾದುದು ತ್ವರೆ, ಏಕೆಂದರೆ ಓಲೆಗರಿಯು ಗೆದ್ದಲಿಗಾಗಿ ನೂರು ವರ್ಷ ಕಾಯಬಹುದು, ಮನುಷ್ಯರ ನೆನಪು ಅಷ್ಟು ಕಾಲ ಕಾಯುವುದಿಲ್ಲ.

ಈ ಸಂಗ್ರಹಕಾರ್ಯವನ್ನು ತಮ್ಮ ತಮ್ಮ ತಾಲ್ಲೂಕಿನ ಮಟ್ಟಿಗೆ ಯಾರಾದರೂ ಆರಂಭಿಸಿ, ಶೋಧಿಸಿದ ಹೆಸರುಗಳನ್ನು ಇಂಥ ಪತ್ರಿಕೆಗಳಲ್ಲಿ ಪ್ರಕಟಿಸಿದರೆ ಮುಂದೆ ಈ ವಿಷಯದಲ್ಲಿ ಬರೆಯುವವರಿಗೆ ಮಹೋಪಕಾರವಾದೀತೆಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇನೆ.